ಕೊನೆಯ ಬೈಕಿನ ವೇಗ

ಏಳು ಜನ ಒಟ್ಟಿಗೆ ಹೊರಟಾಗ ವೇಗ ಯಾರದ್ದಾಗಿರಬೇಕು? ಎಲ್ಲರಿಗಿಂತ ಮುಂದಿರುವವರದ್ದೋ, ಎಲ್ಲರಿಗಿಂತ ಹಿಂದಿರುವವರದ್ದೋ, ಅಥವಾ ಎಲ್ಲರನ್ನೂ ಕೂಡಿಸಿ ಏಳರಿಂದ ಭಾಗಿಸಿದ ಸರಾಸರಿಯೋ? ಕೇಳೋಕೆ ಐದನೇ ಕ್ಲಾಸಿನ ಲೆಕ್ಕದ ಹಾಗಿದೆ. ಆದರೆ ಕಳೆದ ನಾಲ್ಕು ತಿಂಗಳಿಂದ ನಾವು ಕೆಲವರು ಇದೊಂದೇ ಲೆಕ್ಕ ಬಿಡಿಸ್ತಾ ಕೂತಿದ್ದೇವೆ. ಕೂತಷ್ಟೂ ಇದು ಗಣಿತದ್ದಲ್ಲ, ನೀತಿಯ ಪ್ರಶ್ನೆ ಅನ್ನೋದು ಗಟ್ಟಿಯಾಗ್ತಿದೆ.

ವಿಷಯ ಇಷ್ಟೆ. ಬರುವ ಜುಲೈನಲ್ಲಿ ಆಲ್ಪ್ಸ್ ಪರ್ವತದ ರಸ್ತೆಗಳಲ್ಲಿ ಒಂಬತ್ತು ದಿನದ ಬೈಕ್ ಪ್ರವಾಸ. ಏಳು ಜನ, ಆರು ಬೈಕು. ಮ್ಯೂನಿಕ್‌ನಲ್ಲಿ ನೆಲೆಸಿರುವ ಗೆಳೆಯ ಮತ್ತು ಅವನ ಹೆಂಡತಿ ಒಂದು ಬೈಕಿನಲ್ಲಿ. ಬೆಂಗಳೂರಿಂದ ನಾನು, ನನ್ನ ಅಕ್ಕನ ಗಂಡ ಅಂದರೆ ಭಾವ, ಅತ್ತೆಯ ಮಗಳು, ಜೊತೆಗೆ ಆಫೀಸಿನ ಇಬ್ಬರು ಹುಡುಗರು. ಬೈಕುಗಳನ್ನು ಮ್ಯೂನಿಕ್‌ನಲ್ಲೇ ಬಾಡಿಗೆಗೆ ತಗೊಳ್ಳೋದು. ಜುಲೈ ಯಾಕೆ ಅಂದರೆ, ಅಲ್ಲಿನ ಎತ್ತರದ ಪಾಸ್‌ಗಳನ್ನು ಚಳಿಗಾಲದಲ್ಲಿ ಹಿಮ ಮುಚ್ಚಿಬಿಡುತ್ತೆ. ಜೂನ್‌ನಿಂದ ಅಕ್ಟೋಬರ್ ತನಕ ಬಿಟ್ಟರೆ ಉಳಿದ ಕಾಲದಲ್ಲಿ ನಂಬಿಕೊಂಡು ಹೋಗುವ ಹಾಗಿಲ್ಲ. ವೀಸಾ, ವಿಮೆ, ಆರ್‌ಟಿಓದಿಂದ ತರಬೇಕಾದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಯಾವ ದಿನ ಎಲ್ಲಿ ಮಲಗೋದು, ಇದೆಲ್ಲವನ್ನೂ ಒಂದು ಎಕ್ಸೆಲ್ ಶೀಟಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಶೀಟು ನೋಡಿದರೆ ಬಾಯಲ್ಲಿ ನೀರೂರಬೇಕು, ಹಾಗಿತ್ತು. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ: 1935ರಲ್ಲಿ ತೆರೆದದ್ದು, 48 ಕಿಲೋಮೀಟರ್, ಟೋಲ್ ಕಟ್ಟಿ ಏರಬೇಕು. ಇಟಲಿಯ ಸ್ಟೆಲ್ವಿಯೋ: 2,757 ಮೀಟರ್ ಎತ್ತರ, 1820ರಿಂದ 1825ರ ನಡುವೆ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಕಾರ್ಲೋ ಡೊನೆಗಾನಿ ಎಂಬ ಎಂಜಿನಿಯರ್ ಕಟ್ಟಿಸಿದ್ದು, ಪ್ರಾತೋ ಕಡೆಯಿಂದ ಏರಿದರೆ 48 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ನಂಬರು ಬರೆದ ಫಲಕ ಇದೆ, ಮೇಲೆ ಹೋಗ್ತಾ ಹೋಗ್ತಾ ನಂಬರು ಇಳಿಯುತ್ತೆ. ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ದಾಟಿ ಆಂಡರ್‌ಮಾಟ್ ಎಂಬ ಊರಲ್ಲಿ ತಂಗಿ, ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಮೂರೂ ಪಾಸ್‌ಗಳನ್ನು ಒಂದೇ ದಿನ ಸುತ್ತಿ ಬರೋದು. ದಿನಕ್ಕೆ 350 ಕಿಲೋಮೀಟರ್ ಅಂತ ಹುಡುಗರು ಹಾಕಿದ್ದರು. ಬೆಂಗಳೂರಿಂದ ಹುಬ್ಬಳ್ಳಿ ಹೈವೇಯಲ್ಲಿ 350 ಏನೂ ಅಲ್ಲ. ಆದರೆ ತಿರುವಿನ ಮೇಲೆ ತಿರುವು, ಎದುರಿಗೆ ಬಸ್ಸು, ಪಕ್ಕದಲ್ಲಿ ಸೈಕಲ್ ತುಳಿಯುವವರು ಇರುವ ಘಾಟಿಯಲ್ಲಿ ಗಂಟೆಗೆ ಸರಾಸರಿ 40 ಬಂದರೆ ದೊಡ್ಡದು.

ಅಲ್ಲಿಂದ ಶುರುವಾಯ್ತು. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಹುಡುಗರಲ್ಲೊಬ್ಬ ತುಂಬಾ ನಯವಾಗಿ ಕೇಳಿದ: "ಅಂಕಲ್‌ಗೆ ಬೈಕ್ ಬದಲು ಕಾರು ಬುಕ್ ಮಾಡಿದ್ರೆ ಹೇಗೆ? ಅವರಿಗೂ ಆರಾಮು."

'ಅವರಿಗೂ' ಅನ್ನೋದರಲ್ಲಿರುವ ಆ 'ಊ' ಗಮನಿಸಿ. ಆರಾಮು ಮೊದಲು ಯಾರಿಗೆ ಅನ್ನೋದು ಅದರೊಳಗೇ ಇದೆ.

ಭಾವನಿಗೆ 58. ತೀರ್ಥಹಳ್ಳಿ ಕಡೆಯವರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿದ್ದಾರೆ. ಆದರೆ ಈಗ ಮಂಡಿ ಮೊದಲಿನಂತಿಲ್ಲ. ರಸ್ತೆಯ ಬಲಗಡೆ ಓಡಿಸುವುದು ಹೊಸದು, ಅಷ್ಟು ಭಾರದ ಬೈಕೂ ಹೊಸದು. ಅವರು ಆ ಕಾಲ್‌ನಲ್ಲೇ ಇದ್ದರು. "ನೋಡೋಣ ಬಿಡಿ" ಅಂದರು ಅಷ್ಟೆ. ನಮ್ಮ ಕಡೆ 'ನೋಡೋಣ' ಅಂದರೆ ಹತ್ತು ಅರ್ಥ. ಅವತ್ತಿನದು ಯಾವುದು ಅಂತ ಎಲ್ಲರಿಗೂ ಗೊತ್ತಾಯಿತು.

ಹುಡುಗನನ್ನು ಕೆಟ್ಟವನು ಅಂತ ತೋರಿಸುವ ಉದ್ದೇಶ ನನಗಿಲ್ಲ. ಅವನ ವಾದದಲ್ಲಿ ಹುರುಳಿದೆ. ಒಂದು, ಇದಕ್ಕಾಗಿ ಅವನು ಎರಡು ವರ್ಷ ದುಡ್ಡು ಕೂಡಿಟ್ಟಿದ್ದಾನೆ. ಮತ್ತೆ ಯಾವಾಗ ಹೋಗ್ತಾನೋ ಗೊತ್ತಿಲ್ಲ. ಒಬ್ಬರ ನಿಧಾನಕ್ಕಾಗಿ ಆರು ಜನರ ಕನಸು ಕುಗ್ಗಬೇಕಾ? ಎರಡು, ಆಗದವರನ್ನು 'ಬನ್ನಿ ಬನ್ನಿ' ಅಂತ ಕರೆದುಕೊಂಡು ಹೋಗಿ ಬೀಳಿಸುವುದಕ್ಕಿಂತ 'ಬೇಡ' ಅಂತ ಮುಖಕ್ಕೆ ಹೇಳೋದೇ ಕರುಣೆ ಅಲ್ಲವಾ? ಮೂರು, ಅವನು ಜೋರಾಗಿ ಹೋದರೆ ಅಪಾಯ ಅವನದ್ದು, ಭಾವ ನಿಧಾನಕ್ಕೆ ಬಂದರೆ ಹೊತ್ತು ಅವರದ್ದು. ಯಾರ ಪಾಡು ಯಾರಿಗೆ ತಟ್ಟುತ್ತೆ?

ಮೂರನೆಯದರಿಂದ ಶುರು ಮಾಡೋಣ, ಯಾಕೆಂದರೆ ಅದು ಕೇಳೋಕೆ ಎಲ್ಲಕ್ಕಿಂತ ಗಟ್ಟಿ. ಇನ್ನೊಬ್ಬರಿಗೆ ಹಾನಿಯಾಗದಿದ್ದರೆ ಮನುಷ್ಯನ ಸ್ವಾತಂತ್ರ್ಯಕ್ಕೆ ಯಾರೂ ಅಡ್ಡ ಬರಬಾರದು ಅನ್ನೋ ಮಾತನ್ನು ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ 'ಆನ್ ಲಿಬರ್ಟಿ' ಪುಸ್ತಕದಲ್ಲಿ ವಾದಿಸಿದ. ಬೈಕ್ ಓಡಿಸುವವರಿಗೆಲ್ಲ ಅವನನ್ನು ಓದದೆಯೇ ಅದು ಬಾಯಿಪಾಠ: 'ನನ್ನ ತಲೆ, ನನ್ನ ಹೆಲ್ಮೆಟ್ಟು.' ಒಂಟಿ ಸವಾರನಿಗೆ ಇದು ಅರ್ಧ ನಿಜ. ಸಾಲಿನಲ್ಲಿ ಹೋಗುವವನಿಗೆ ಪೂರ್ತಿ ಸುಳ್ಳು.

ಯಾಕೆ ಅಂತ ಹೇಳ್ತೀನಿ. ಆರು ಬೈಕು ಸಾಲಾಗಿ ಹೇರ್‌ಪಿನ್ ತಿರುವಿಗೆ ಬರುತ್ತವೆ ಅಂದುಕೊಳ್ಳಿ. ಮೊದಲನೆಯವನು ತಿರುಗಿ ಮುಗಿಸಿ ವೇಗ ಹೆಚ್ಚಿಸುವ ಹೊತ್ತಿಗೆ ಆರನೆಯವನು ಇನ್ನೂ ಈಚೆ ಬ್ರೇಕ್ ಹಿಡಿದು ಕೂತಿರುತ್ತಾನೆ. ನಡುವೆ ಅಂತರ ಬೀಳುತ್ತೆ. ಎರಡನೆಯವನು ಆ ಅಂತರ ಮುಚ್ಚೋಕೆ ಮೊದಲನೆಯವನಿಗಿಂತ ಸ್ವಲ್ಪ ಜೋರಾಗಿ ಹೋಗಬೇಕು, ಮೂರನೆಯವನು ಎರಡನೆಯವನಿಗಿಂತ ಸ್ವಲ್ಪ ಜೋರಾಗಿ. ಹೀಗೇ ಹಿಂದಕ್ಕೆ ಹೋದಂತೆಲ್ಲ ಅವಸರ ಸೇರುತ್ತಾ ಹೋಗುತ್ತೆ. ಹಾರ್ಮೋನಿಯಂ ತಿದಿಯ ಹಾಗೆ ಸಾಲು ಹಿಗ್ಗುತ್ತೆ, ಕುಗ್ಗುತ್ತೆ. ಮುಂದಿನವನು 'ಆರಾಮಾಗಿ 50ರಲ್ಲಿ ಹೋಗ್ತಿದ್ದೆ' ಅನ್ನುವಾಗ ಕೊನೆಯವನು 70ರಲ್ಲಿ ಹೋಗ್ತಿರಬಹುದು, ಅದೇ ರಸ್ತೆಯಲ್ಲಿ, ಅದೇ ತಿರುವಿನಲ್ಲಿ. ಸಾಮಾನ್ಯವಾಗಿ ಕೊನೆಯಲ್ಲಿ ಉಳಿಯುವವರು ಯಾರು? ಎಲ್ಲರಿಗಿಂತ ಅಳುಕುವವರು, ಎಲ್ಲರಿಗಿಂತ ಹೊಸಬರು. ಅಂದರೆ ಗುಂಪಿನಲ್ಲಿ ಯಾರಿಗೆ ಜೋರಾಗಿ ಹೋಗುವ ಶಕ್ತಿ ಕಡಿಮೆಯೋ ಅವರ ಮೇಲೇ ಜೋರಾಗಿ ಹೋಗುವ ಹೊರೆ ಬೀಳುತ್ತೆ.

ಮುಂದಿರುವವನ ಒಂದು ಸಣ್ಣ ಉಮೇದು ಹಿಂದಿರುವವನ ದೊಡ್ಡ ಅಪಾಯ. ಮಜಾ ಅಂದರೆ, ಮುಂದಿನವನಿಗೆ ಇದು ಕಾಣುವುದೇ ಇಲ್ಲ. ಅವನ ಕಣ್ಣ ಮುಂದೆ ಖಾಲಿ ರಸ್ತೆ, ಚೆಂದದ ಬೆಟ್ಟ. ಗುಂಪಿನಲ್ಲಿ ಹೋಗಿ ಅಭ್ಯಾಸ ಇರುವವರು ಅದಕ್ಕೇ ಹೊಸಬರನ್ನು ಕೊನೆಗೆ ಹಾಕುವುದಿಲ್ಲ, ಲೀಡ್ ಬೈಕಿನ ಬೆನ್ನಿಗೇ ಹಾಕುತ್ತಾರೆ. ಕೊನೆಗೆ, ಸ್ವೀಪ್ ಜಾಗಕ್ಕೆ, ಎಲ್ಲರಿಗಿಂತ ಪಳಗಿದವರು. ನಮ್ಮಲ್ಲಿ ಅದು ಅತ್ತೆಯ ಮಗಳು. ಎಲ್ಲರಿಗಿಂತ ಚೆನ್ನಾಗಿ ಓಡಿಸುವವಳು ಎಲ್ಲರಿಗಿಂತ ಹಿಂದೆ.

ಈ ಮಾತು ಬಂದಾಗೆಲ್ಲ ನನಗೆ ನೆನಪಾಗೋದು ನಮ್ಮ ಪುರಾಣದ ಅತಿ ಪ್ರಸಿದ್ಧ ಗುಂಪು ಪ್ರವಾಸ. ಅದೂ ಬೆಟ್ಟಕ್ಕೇ. ಮಹಾಭಾರತದ ಕೊನೆಗೆ ಐವರು ಪಾಂಡವರು ಮತ್ತು ದ್ರೌಪದಿ ಹಿಮಾಲಯದ ಕಡೆ ಹೊರಡುತ್ತಾರಲ್ಲ, ಮಹಾಪ್ರಸ್ಥಾನ. ಜೊತೆಗೊಂದು ನಾಯಿ. ಮೊದಲು ದ್ರೌಪದಿ ಬೀಳುತ್ತಾಳೆ, ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಕೇಳುತ್ತಾನೆ, ಯಾಕೆ ಬಿದ್ದರು? ಧರ್ಮರಾಯನ ಹತ್ತಿರ ಪ್ರತಿಯೊಬ್ಬರಿಗೂ ಒಂದೊಂದು ಕಾರಣ ಸಿದ್ಧ ಇರುತ್ತೆ. ಅವಳಿಗೆ ಅರ್ಜುನನ ಮೇಲೆ ಪಕ್ಷಪಾತ, ಇವನಿಗೆ ಬುದ್ಧಿಯ ಜಂಬ, ಅವನಿಗೆ ರೂಪದ ಜಂಬ. ಹೇಳಿ, ಹಿಂದಿರುಗಿ ನೋಡದೆ ನಡೆಯುತ್ತಾನೆ.

ವೈರಾಗ್ಯದ ಕಥೆಯಾಗಿ ಅದಕ್ಕೆ ಬೇರೆ ಅರ್ಥ ಇದೆ, ಒಪ್ಪುತ್ತೇನೆ. ಆದರೆ ಮುಂದೆ ಹೋಗುವವನ ಮನಸ್ಸಿನ ಚಿತ್ರವಾಗಿ ಓದಿದರೆ ಮೈ ಜುಮ್ಮನ್ನುತ್ತೆ. ಹಿಂದೆ ಉಳಿದವರ ಬಗ್ಗೆ ನಮ್ಮ ಹತ್ತಿರ ಯಾವಾಗಲೂ ಕಾರಣ ಇರುತ್ತೆ. ಪ್ರಾಕ್ಟೀಸ್ ಮಾಡಲಿಲ್ಲ. ತೂಕ ಇಳಿಸಲಿಲ್ಲ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು. ಕಾರಣಗಳು ಸುಳ್ಳಲ್ಲದೆ ಇರಬಹುದು. ಆದರೆ ಕಾರಣ ಹೇಳುವುದು ನಿಂತು ನೋಡುವುದಕ್ಕೆ ಬದಲಿಯಲ್ಲ. ವ್ಯಾಸರೂ ಕಥೆಯನ್ನು ಅಲ್ಲಿಗೇ ಬಿಡಲಿಲ್ಲ ನೋಡಿ. ಅದೇ ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬರಲಾರೆ ಅಂತ ಹಟ ಹಿಡಿಯುತ್ತಾನೆ. ಆಮೇಲೆ ತನ್ನವರು ನರಕದಲ್ಲಿದ್ದಾರೆ ಅಂತ ಕಂಡಾಗ ತಾನೂ ಅಲ್ಲೇ ಇರುತ್ತೇನೆ ಅನ್ನುತ್ತಾನೆ. ಹಿಂದಿರುಗಿ ನೋಡದವನನ್ನು ಮತ್ತೆ ಮತ್ತೆ ಹಿಂದಿರುಗಿ ನೋಡುವ ಹಾಗೆ ಮಾಡಿದ ಮೇಲೇ ಕಥೆ ಮುಗಿಯೋದು.

ಹಾಗಾದರೆ ಉತ್ತರ ಸುಲಭ ಆಯ್ತಲ್ಲ, ಎಲ್ಲರೂ ಭಾವನ ವೇಗದಲ್ಲಿ ಹೋಗಿಬಿಡಿ, ಅನ್ನಬಹುದು ನೀವು. ಅದೂ ಅಷ್ಟು ಸರಿಯಿಲ್ಲ. ಆರು ಜನ ಹಲ್ಲು ಕಚ್ಚಿಕೊಂಡು ನಿಧಾನಕ್ಕೆ ಹೋಗುತ್ತಿದ್ದಾರೆ ಅನ್ನೋದು ಏಳನೆಯವರಿಗೆ ಗೊತ್ತಾಗದೆ ಇರುತ್ತಾ? ಕನ್ನಡಿಯಲ್ಲಿ ಕಾಣುವ ತಾಳ್ಮೆಯಷ್ಟು ಹಿಂಸೆ ಬೇರೆ ಇಲ್ಲ. ಉಪಕಾರ ಮಾಡಿಸಿಕೊಳ್ಳುವವರ ಸ್ಥಾನ ಕೊಟ್ಟು ಜೊತೆಗೆ ಕರೆದುಕೊಂಡು ಹೋಗುವುದೂ ಒಂದು ರೀತಿಯಲ್ಲಿ ಬಿಟ್ಟು ಹೋಗುವುದೇ. ಭಾವನೇ ಇದನ್ನು ನನಗೆ ಫೋನಿನಲ್ಲಿ ಹೇಳಿದರು. "ನೋಡು ಮಾರಾಯ, ನನ್ನನ್ನು ಕಾಯ್ಬೇಡಿ ಅಂತ ನಾನು ಹೇಳಲ್ಲ. ಕಾಯ್ತಾ ಇದ್ದೀರಿ ಅಂತ ನನಗೆ ಅನ್ನಿಸಬಾರದು, ಅಷ್ಟೇ."

ಅಷ್ಟೇ ಅಂದರು. ಈ 'ಅಷ್ಟೇ'ಗೆ ಉತ್ತರ ಹುಡುಕೋದು ಎಷ್ಟು ಕಷ್ಟ! ನನ್ನ ಮಟ್ಟಿಗೆ ಇಡೀ ನೀತಿಶಾಸ್ತ್ರದ ತಿರುಳೇ ಅದರಲ್ಲಿದೆ. ನ್ಯಾಯ ಬೇಕು, ದಯೆ ಬೇಡ.

ಉತ್ತರ ಸಿಕ್ಕಿದ್ದು ಮ್ಯೂನಿಕ್ ಗೆಳೆಯನಿಂದ. ಯುರೋಪಿನಲ್ಲಿ ಎಷ್ಟೋ ಬೈಕ್ ಗುಂಪುಗಳು ಅನುಸರಿಸುವ ಒಂದು ಪದ್ಧತಿ ಇದೆಯಂತೆ. ಲೀಡ್ ಬೈಕಿನವರು ಮುಂದೆ, ಸ್ವೀಪ್ ಕೊನೆಗೆ, ಈ ಇಬ್ಬರೂ ಬದಲಾಗೋದಿಲ್ಲ. ದಾರಿ ಕವಲೊಡೆಯುವ ಜಾಗ ಬಂದಾಗ ಲೀಡ್ ಕೈ ತೋರಿಸುತ್ತಾರೆ, ಅವರ ಹಿಂದೆ ಇರುವ ಎರಡನೆಯವರು ಸುರಕ್ಷಿತವಾದ ಕಡೆ ಬೈಕ್ ನಿಲ್ಲಿಸಿ ಕೈಮರದ ಹಾಗೆ ನಿಂತುಬಿಡುತ್ತಾರೆ. ಉಳಿದವರೆಲ್ಲ ಅವರನ್ನು ನೋಡಿ ತಿರುಗಿ ಹೋಗುತ್ತಾರೆ. ಸ್ವೀಪ್ ಬರುವ ತನಕ ನಿಂತವರು ಕದಲುವಂತಿಲ್ಲ. ಸ್ವೀಪ್ ಬಂದಾಗ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ಕವಲಿನಲ್ಲಿ ಈಗ ಎರಡನೆಯವರಾಗಿರುವವರ ಸರದಿ.

ಇದರ ಚಂದ ನೋಡಿ. ದಾರಿ ತಪ್ಪುವ ಭಯದಿಂದ ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಿಲ್ಲ. ಹಿಂದೆ ಬಿದ್ದೆ ಅನ್ನೋ ಆತಂಕವೇ ಇಲ್ಲ, ಕವಲಿನಲ್ಲಿ ನಮ್ಮವರೊಬ್ಬರು ನಿಂತಿರುತ್ತಾರೆ ಅನ್ನೋ ಭರವಸೆ ಇದೆ. ಜೋರಾಗಿ ಹೋಗುವವನು ಹೋಗಬಹುದು, ಆದರೆ ಅವನ ಸರದಿ ಬಂದಾಗ ಅವನೂ ನಿಲ್ಲಬೇಕು. ನಿಧಾನದವರು ನಿಧಾನಕ್ಕೇ ಬರಬಹುದು, ಆದರೆ ಅವರ ಸರದಿಯಲ್ಲಿ ಅವರೂ ಉಳಿದವರಿಗೆ ಕೈಮರ. ಇಲ್ಲಿ ಭಾವ ಬರೀ ಕಾಯಿಸಿಕೊಳ್ಳುವವರಲ್ಲ, ಕಾಯುವವರೂ ಹೌದು. ಕಾಯುವುದು ಉಪಕಾರವಾಗಿದ್ದದ್ದು ಸರದಿಯಾಯಿತು. ಸ್ವಾತಂತ್ರ್ಯ ಬೇಕು ಅನ್ನುವವರು ಒಂದನ್ನು ಮರೆಯುತ್ತಾರೆ, ಯಾರೋ ಒಬ್ಬರು ಎಲ್ಲೋ ಒಂದು ಕಡೆ ಅಲುಗದೆ ನಿಂತಿರುವುದರಿಂದಲೇ ಉಳಿದವರ ಓಟ ಸಾಧ್ಯ.

ಈ ಪದ್ಧತಿಗೆ ನಾವು ಇನ್ನೊಂದು ನಿಯಮ ಸೇರಿಸಿದೆವು. ತುಂಬಾ ಗುಂಪುಗಳಲ್ಲಿ ಇರುವಂಥದ್ದೇ: ನಿಮ್ಮ ಹಿಂದಿನ ಬೈಕಿಗೆ ನೀವು ಹೊಣೆ. ಕನ್ನಡಿಯಲ್ಲಿ ಅದು ಸ್ವಲ್ಪ ಹೊತ್ತು ಕಾಣದಿದ್ದರೆ ನಿಧಾನ ಮಾಡಿ, ಆಗಲೂ ಬರದಿದ್ದರೆ ಜಾಗ ನೋಡಿ ನಿಲ್ಲಿ. ನಿಮ್ಮ ಮುಂದಿನವರೂ ಹಾಗೇ ಮಾಡುತ್ತಾರೆ, ಸುದ್ದಿ ಲೀಡ್ ತನಕ ತಾನಾಗಿ ಮುಟ್ಟುತ್ತೆ. ಕಣ್ಣು ಸಹಜವಾಗಿ ಮುಂದಕ್ಕೆ ಹೋಗುತ್ತೆ, ಹೊಣೆಯನ್ನು ಮಾತ್ರ ಅಭ್ಯಾಸ ಮಾಡಿಸಿ ಹಿಂದಕ್ಕೆ ಕಳಿಸಬೇಕು.

ನಿಧಾನದವರಿಗೂ ಕರ್ತವ್ಯ ಇದೆ, ಅದನ್ನು ಬಿಟ್ಟರೆ ವಾದ ಒಕ್ಕಣ್ಣಾಗುತ್ತೆ. ಅದು ನಿಜ ಹೇಳುವ ಕರ್ತವ್ಯ. ಸಾಕಾಗಿದೆ, ಕೈ ನೋಯುತ್ತಿದೆ, ಈ ತಿರುವು ನನಗೆ ಭಯ ಅಂತ ಹೇಳಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಉಳಿದವರ ಜೀವಕ್ಕೂ ಕುತ್ತು. ಆದರೆ ಹೇಳಿದವರನ್ನು ನಗುವ ಗುಂಪಿನಲ್ಲಿ ಯಾರು ತಾನೆ ನಿಜ ಹೇಳ್ತಾರೆ? ಅವರ ಪ್ರಾಮಾಣಿಕತೆಗೆ ಜಾಗ ಮಾಡಿಕೊಡುವುದು ಗುಂಪಿನ ಕರ್ತವ್ಯ.

ನಿಯಮಗಳನ್ನು ಬರೆಯುವ ದಿನ ನಾನೊಂದು ಉಪಾಯ ಮಾಡಿದೆ, ಉಪಾಯ ನನ್ನದಲ್ಲ. ಜಾನ್ ರಾಲ್ಸ್ ಎಂಬ ಅಮೆರಿಕದ ಚಿಂತಕ 1971ರ 'ಎ ಥಿಯರಿ ಆಫ್ ಜಸ್ಟಿಸ್' ಪುಸ್ತಕದಲ್ಲಿ ಹೇಳಿದ್ದು: ಸಮಾಜದಲ್ಲಿ ನಿಮಗೆ ಯಾವ ಜಾಗ ಸಿಗುತ್ತೆ ಅಂತ ಗೊತ್ತಿಲ್ಲದೆ ನಿಯಮ ಮಾಡಿ, ಆಗ ಅದು ನ್ಯಾಯವಾಗಿರುತ್ತೆ. ಅಜ್ಞಾನದ ಪರದೆ ಅಂತಾರೆ ಅದಕ್ಕೆ. ನಾನು ಎಲ್ಲರಿಗೂ ಹೇಳಿದೆ, ಮೂರನೇ ದಿನ ಸ್ಟೆಲ್ವಿಯೋ ಏರುವ ಹೊತ್ತಿಗೆ ನಿಮ್ಮಲ್ಲೊಬ್ಬರಿಗೆ ಜ್ವರ ಬಂದಿರುತ್ತೆ, ಅದು ಯಾರಿಗೆ ಅಂತ ಗೊತ್ತಿಲ್ಲ, ಈಗ ವೇಳಾಪಟ್ಟಿ ಮಾಡಿ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ದಿನಕ್ಕೆ 350 ಅಂತ ಹಾಕಿದ್ದ ಅದೇ ಹುಡುಗ 200 ಅಂತ ಹಾಕಿದ. ಗ್ರೋಸ್‌ಗ್ಲಾಕ್ನರ್ ದಾರಿಯಿಂದ ತುಂಬಾ ಪೂರ್ವಕ್ಕಿದೆ, ಬಿಟ್ಟುಬಿಡೋಣ ಅಂದವನೂ ಅವನೇ. ಅದು ಅವನ ಫೋನಿನ ವಾಲ್‌ಪೇಪರ್ ಆಗಿತ್ತು ಅನ್ನೋದನ್ನು ಇಲ್ಲಿ ಹೇಳಲೇಬೇಕು. ನ್ಯಾಯ ಪುಕ್ಕಟೆ ಬರೋದಿಲ್ಲ, ಯಾರೋ ಏನನ್ನೋ ಬಿಟ್ಟಿರುತ್ತಾರೆ.

ಬದಲಿಗೆ ಆಂಡರ್‌ಮಾಟ್‌ನಲ್ಲಿ ಎರಡು ರಾತ್ರಿ ಇಟ್ಟೆವು. ಮೂರು ಪಾಸ್‌ಗಳ ಸುತ್ತು ಸುಮಾರು 120 ಕಿಲೋಮೀಟರ್. ಬೇಕಾದವರು ಅವತ್ತು ತಮ್ಮ ವೇಗದಲ್ಲಿ ಪೂರ್ತಿ ಸುತ್ತಿ ಬರಲಿ. ಭಾವ ಮತ್ತು ನಾನು ಫುರ್ಕಾ ಒಂದನ್ನೇ ಹತ್ತಿ, ರೋನ್ ನದಿ ಹುಟ್ಟುವ ಹಿಮನದಿಯನ್ನು ನೋಡಿ, ಗ್ಲೆಚ್ ಎಂಬ ಹಳ್ಳಿಗಿಳಿದು ಹಳೆಯ ಉಗಿಬಂಡಿ ನಿಲ್ಲುವ ಸ್ಟೇಷನ್ನಿನಲ್ಲಿ ಕೂರುತ್ತೇವೆ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ಮಾಡುವುದು ಸಮಾನತೆಯಲ್ಲ. ಒಬ್ಬರ ಖುಷಿ ಇನ್ನೊಬ್ಬರ ಭಯದ ಮೇಲೆ ನಿಲ್ಲದ ಹಾಗೆ ದಿನವನ್ನು ಹೊಂದಿಸುವುದು ಸಮಾನತೆಗೆ ಹತ್ತಿರದ್ದು.

ಇಷ್ಟು ದೂರ ಬಂದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. 'ಹಿಂದಿನವರು' ಅಂದರೆ ಯಾರು? ನಮ್ಮ ಆರು ಬೈಕಿನವರು ಮಾತ್ರವಾ? ಮ್ಯೂನಿಕ್‌ನಿಂದ ನಾವು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ರೊಯ್ಟೆ ಜಿಲ್ಲೆಯ ಮೂಲಕ ಹೋಗಬೇಕು. ಅಲ್ಲಿ 2020ರ ಜೂನ್‌ನಿಂದ ಒಂದು ನಿಯಮ ಬಂದಿದೆ. ಬೇಸಿಗೆಯ ತಿಂಗಳುಗಳಲ್ಲಿ ಲೆಚ್ ಕಣಿವೆಯಂಥ ಕೆಲವು ಗೊತ್ತುಪಡಿಸಿದ ರಸ್ತೆಗಳಿಗೆ, ದಾಖಲೆಯಲ್ಲಿ ನಿಂತಲ್ಲಿನ ಶಬ್ದ 95 ಡೆಸಿಬೆಲ್ ಮೀರುವ ಬೈಕುಗಳು ಬರುವಂತಿಲ್ಲ. ಹುಡುಗರು ಬಾಡಿಗೆಗೆ ಆರಿಸಿದ್ದ ಒಂದು ಬೈಕಿನ ದಾಖಲೆ ನೋಡಿದರೆ 97. 'ಕಂಪನಿಯವರೇ ಹಾಗೆ ಮಾಡಿದ್ದು, ಸೈಲೆನ್ಸರ್ ನಾವು ಬದಲಾಯಿಸಿದ್ದಲ್ಲವಲ್ಲ' ಅನ್ನೋದು ಅವರ ಅಳಲು. ಅಳಲು ನ್ಯಾಯವೇ. ಆದರೆ ಕಣಿವೆಯಲ್ಲಿ ಶನಿವಾರ ಭಾನುವಾರ ಸಾವಿರಾರು ಬೈಕು ಹಾದುಹೋಗುವ ಹಳ್ಳಿಯವರ ಕಿವಿಗೆ ಯಾರು ಬದಲಾಯಿಸಿದ್ದು ಅನ್ನೋದು ಮುಖ್ಯವಲ್ಲ. ನಮ್ಮ ಸಾಲಿನ ಕೊನೆಯವರು ಬೈಕಿನ ಮೇಲೇ ಇರಬೇಕಿಲ್ಲ, ಮನೆ ಜಗಲಿಯ ಮೇಲೂ ಇರಬಹುದು. ಬೈಕು ಬದಲಾಯಿಸಿದೆವು.

ಬೆಟ್ಟದ ರಸ್ತೆಗಳಿಗೆ ಇದು ಮೊದಲಿಂದ ಗೊತ್ತಿದೆ ಅನ್ನಿಸುತ್ತೆ. ನಮ್ಮ ದೇಶದ ಘಾಟಿಗಳಲ್ಲಿ ರಸ್ತೆ ಕಿರಿದಾಗಿದ್ದರೆ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕು ಅನ್ನೋದು ನಿಯಮ. ಸ್ವಿಟ್ಜರ್ಲೆಂಡಿನಲ್ಲೂ ಅದೇ. ಯಾರಿಗೆ ಹೊರೆ ಹೆಚ್ಚೋ ಅವರಿಗೆ ದಾರಿ ಮೊದಲು. ಅಲ್ಲಿನ ಪರ್ವತ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ಹಳದಿ ಕಹಳೆಯ ಚಿತ್ರ ಕಂಡರೆ ಅಂಚೆ ಬಸ್ಸಿನ ಚಾಲಕ ಹೇಳಿದಂತೆ ಉಳಿದವರು ಕೇಳಬೇಕು. ಹಿಂದೆ ಸರಿ ಅಂದರೆ ಸರಿಯಬೇಕು. ಮೂರು ಸ್ವರದ ಹಾರನ್ ಕೇಳಿದ ಕೂಡಲೇ ತಿರುವಿನಲ್ಲಿ ಜಾಗ ಮಾಡಿಕೊಡಬೇಕು. ಮಜಾ ಮಾಡೋಕೆ ಬಂದವರಿಗಿಂತ ಮನೆಗೆ ಹೋಗುವವರು ಮುಖ್ಯ.

ಶೀಟು ಈಗ ಹೆಚ್ಚು ಕಡಿಮೆ ಮುಗಿದಿದೆ. ಒಂದು ಸಾಲು ಮಾತ್ರ ಖಾಲಿ. ಮೂರನೇ ದಿನವೋ ನಾಲ್ಕನೇ ದಿನವೋ ಯಾರಾದರೂ 'ನನ್ನಿಂದ ಇನ್ನು ಆಗಲ್ಲ' ಅಂದರೆ ಏನು ಮಾಡೋದು? ಒಬ್ಬರು ಅವರ ಜೊತೆ ಉಳಿದು ಐವರು ಮುಂದೆ ಹೋಗೋದಾ, ಎಲ್ಲರೂ ನಿಲ್ಲೋದಾ? ಹುಡುಗರು ಎಲ್ಲರೂ ನಿಲ್ಲಬೇಕು ಅನ್ನುತ್ತಾರೆ. ಭಾವ ಕೂಡದು ಅನ್ನುತ್ತಾರೆ. ನಾಲ್ಕು ತಿಂಗಳ ಹಿಂದೆ ಯಾರು ಯಾವ ಕಡೆ ಇದ್ದರು ಅಂತ ನೆನೆಸಿಕೊಂಡರೆ ನನಗೆ ಖುಷಿಯಾಗುತ್ತೆ. ಈ ಜಗಳ ಹೊರಡುವ ತನಕ ಬಗೆಹರಿಯದಿದ್ದರೂ ಪರವಾಗಿಲ್ಲ.